ನನ್ನ ಮೆಹಂದಿ ಬ್ಯಾಟರಿಯ ಹಿತಚಿಂತಕರು

ವೈರಿಗಳಿದ್ರ ಬದುಕು ಸಸಾರ ನೋಡ್ರಿ. ಅವರು ಎದುರಿಗಿ ಬರ್ತಾರ, ನಾವು ಬೈತೀವಿ, ಅಲ್ಲಿಗಿ ಮುಗೀತು. ನನ್ನ ಕೆಲಸಕ್ಕ ಒಬ್ಬ ವೈರಿನೂ ಇಲ್ಲ, ಸುತ್ತಮುತ್ತ ಇರೋರೆಲ್ಲಾ ಹಿತಚಿಂತಕರೇ. ಅದಕ್ಕೇ ದಿನಾ ಒಂದಿಲ್ಲೊಂದು ನಡೀತಾನೇ ಇರ್ತದ, ನಾನು ಬಿ.ಪಿ. ಗುಳಿಗಿ ನುಂಗ್ಕೋತನೇ ಇರ್ತೀನಿ.

ನಾನು ಕಲಬುರಗಿಯ ಒಂದು ಕಾಲೇಜಿನ್ಯಾಗ ರಸಾಯನಶಾಸ್ತ್ರ ಕಲಿಸಾಕಿ. ಮನಿ ಖೂಬಾ ಪ್ಲಾಟ್ ಅನ್ನೋ ಬಡಾವಣಿಯಾಗ. ಮದಿವಿ ಆಗಿಲ್ಲ, ಆಗೋ ವಿಚಾರನೂ ಇಲ್ಲ. ಇದನ್ನ ಯಾಕ ಹೇಳ್ತೀನಿ ಅಂದ್ರ ಮುಂದ ಬೇಕಾಗ್ತದ. ಕಲಿಸೋದು ಬಿಟ್ರ ನನ್ನ ಜೀವ ಇರೋದು ಬ್ಯಾಟರಿಯೊಳಗ. ನಿಮ್ಮ ಮೊಬೈಲಿನ್ಯಾಗ ಲಿಥಿಯಂ ಬ್ಯಾಟರಿ ಇರ್ತದಲ್ಲಾ, ಅದರೊಳಗ ಕ್ಯಾಥೋಡ್ ಅಂತ ಒಂದು ತುದಿ ಇರ್ತದ. ಅದಕ್ಕ ಕೋಬಾಲ್ಟಿನಂಥಾ ಲೋಹ ಹಾಕ್ತಾರ. ಅದನ್ನ ಯಾವುದೋ ದೇಶದಾಗ ಭೂಮಿ ಅಗದು ತರಬೇಕು. ಆ ಲೋಹದ ಬದ್ಲಿ ಗಿಡದಾಗ ಸಿಗೋ ಇಂಗಾಲದ ವಸ್ತು ಹಾಕಿದ್ರ ಹ್ಯಾಂಗ ಅಂತ ಜಗತ್ತಿನ ತುಂಬ ಮಂದಿ ತಲಿ ಕೆಡಿಸ್ಕೊಂಡಾರ, ಅವರಾಗ ನಾನೂ ಒಬ್ಬಾಕಿ. ನಾನು ಹಿಡಕೊಂಡದ್ದು ಮೆಹಂದಿ. ಕೈಗಿ ಕೆಂಪು ಕೊಡೋ ಆ ಬಣ್ಣ ಲಿಥಿಯಮ್ಮನ್ನ ಹಿಡ್ಕೋತದ, ಬೇಕಾದಾಗ ಬಿಡ್ತದ. ಬ್ಯಾಟರಿಗಿ ಬೇಕಾದದ್ದು ಅಷ್ಟೇ.

ಆದ್ರ ಆ ಬಣ್ಣಕ್ಕ ಒಂದು ಕೆಟ್ಟ ಚಾಳಿ ಅದ. ಸೆಲ್ಲಿನೊಳಗಿನ ದ್ರವದಾಗ, ಚಾದಾಗ ಬಿದ್ದ ಬಿಸ್ಕೀಟಿನಂಗ ಕರಗಿ ಹೋಗ್ತದ. ಓಡಿಸಿದ್ರೂ ಕರಗ್ತದ, ಸುಮ್ನ ಇಟ್ರೂ ಕರಗ್ತದ. ಕರಗಬಾರ್ದು ಅಂತ ನಾನು ಅದರ ಕಣಗಳಿಗಿ ಒಂದಕ್ಕೊಂದು ಕೊಂಡಿ ಹಾಕಿ ಸರಪಳಿ ಮಾಡಿದೆ. ಅದು ಖರೇನೋ ಸುಳ್ಳೋ ಗೊತ್ತಾಗಬೇಕಂದ್ರ ಒಂದು ಸೆಲ್ಲನ್ನ ಪರೀಕ್ಷೆ ಮಷೀನಿಗಿ ಹಚ್ಚಿ, ತುಂಬು, ಖಾಲಿ ಮಾಡು, ಮತ್ತ ತುಂಬು ಅಂತ ತಿಂಗಳುಗಟ್ಟಲೆ ಓಡಿಸಬೇಕು. ಸಂಶೋಧನೆಗಿ ಮಷೀನು ಕೊಟ್ಟ ಬೆಂಗಳೂರಿನ ಸಮಿತಿಯವರು ಕಡ್ಡಿ ಮುರದಂಗ ಹೇಳಿಬಿಟ್ಟಿದ್ರು: ಮುಂದಿನ ಸಲ ನಾವು ಬಂದಾಗ ಶಕ್ತಿ ಕುಂದದಂಗ ಓಡೋ ಒಂದು ಸೆಲ್ಲು ತೋರಿಸ್ರಿ, ಇಲ್ಲಾಂದ್ರ ಮಷೀನು ಬೆಂಗಳೂರಿಗಿ ವಾಪಸ್. ಮಷೀನು ಹೋದ್ರ ನನ್ನ ಕೆಲಸಾನೂ ಹೋದಂಗೇ. ಇಂಥಾ ಹೊತ್ತಿನ್ಯಾಗ ನನ್ನ ಹಿತಚಿಂತಕರು ಒಬ್ಬೊಬ್ಬರಾಗಿ ಎದ್ದು ನಿಂತ್ರು.

ಒಂದು: ಬಣ್ಣ ಛಲೋ ಬರ್ಲಿ

ಕಮಲಾಪುರದಾಗ ಒಬ್ಬಾಕಿ ವಯಸ್ಸಾದ ಆಯಿ ಇದ್ದಾಳ. ಆಕಿ ಹೊಲದಾಗ ಕೆಂಪು ಬಾಳಿ, ಹೊಲದ ಸುತ್ತ ಬೇಲಿಗಿ ಮೆಹಂದಿ. ಬೇರೆ ಕಡೆ ಎಲಿ ತಂದು ನೋಡೀನಿ, ಈ ಆಯಿ ಬೇಲಿಯಾಗಿನಷ್ಟು ಬಣ್ಣ ಎಲ್ಲೂ ಇಲ್ಲ. ಫೋನ್ ಮಾಡಿ ಹೇಳಿದ್ದೆ: ಆಯಿ, ಒಂದು ಚೀಲ ಎಲಿ ನೆರಳಿನ್ಯಾಗ ಒಣಗಿಸಿ ಇಡು, ಬ್ಯಾರೆ ಏನೂ ಮಾಡಬ್ಯಾಡ, ನಾನೇ ಬಂದು ಒಯ್ತೀನಿ. ಆಕಿ ಹೂಂ ಅಂದಿದ್ಲು.

ಬಸ್ಸು ಹತ್ತಿ ಹೋದೆ. ಅಲ್ಲಿ ಚೀಲ ಇಲ್ಲ, ಒಂದು ದೊಡ್ಡ ಪಾತೇಲಿ ಅದ. ಪಾತೇಲಿ ತುಂಬ ನುಣ್ಣಗ ಅರದ ಮೆಹಂದಿ. ಅದಕ್ಕ ಲಿಂಬಿಹಣ್ಣಿನ ರಸ ಹಿಂಡಿ, ಚಾದ ಡಿಕಾಕ್ಷನ್ ಹಾಕಿ, ಲವಂಗ ಕುದಿಸಿದ ನೀರು ಸುರುವಿ, ಸಕ್ರಿ ಕಲಿಸಿ, ರಾತ್ರಿಯೆಲ್ಲಾ ನೆನೆಸಿ ಇಟ್ಟಾಳ. ಮಗ್ಗುಲ ಮನೀ ಹೆಣ್ಮಕ್ಕಳನ್ನೂ ಕರದು ಅರಿಸ್ಯಾಳ. ನನಗ ತಲಿ ಗಿರ್ರ್ ಅಂತು. ಒಂದು ಸುಗ್ಗಿಯ ಎಲಿ ಅದು. ಅದರಾಗಿಂದ ಇನ್ನ ನಾನು ಶುದ್ಧ ಬಣ್ಣ ತೆಗೀಬೇಕಂದ್ರ ಮೊದ್ಲು ಚಾ ತೆಗೀಬೇಕು, ಸಕ್ರಿ ತೆಗೀಬೇಕು, ಆಮ್ಯಾಲ ನನ್ನ ಜೀವಾನೂ ತೆಗೀಬೇಕು.

ನಾನು ಬೈದೆ. ಬಾಯಿಗಿ ಬಂದಂಗ ಬೈದೆ. ಆಯಿ ಎಲ್ಲಾ ಕೇಳಿಸ್ಕೊಂಡ್ಲು, ಸಿಟ್ಟಾಗಲಿಲ್ಲ.

"ಮನಿಗಿ ಬಂದ ಹೆಣ್ಮಗಳು ಮೆಹಂದಿ ಕೇಳ್ಯಾಳಂದ್ರ ಬರೇ ಎಲಿ ಕೊಟ್ಟು ಕಳಸ್ಲೇನು ಯವ್ವಾ? ನಾಳಿ ಮಂದಿ ನನ್ನ ಮಾರಿಗಿ ಉಗಳಂಗಿಲ್ಲೇನು?"

ಇದು ಬ್ಯಾಟರಿಗಿ ಆಯಿ ಅಂದೆ. ಬ್ಯಾಟರಿಗೇ ಆಗ್ಲಿ, ಬಣ್ಣ ಛಲೋ ಬರಬೇಕೋ ಬ್ಯಾಡೋ ಅಂದ್ಲು. ಬಣ್ಣ ಹ್ಯಾಂಗ ಬರ್ತದ ನೋಡು ಅಂತ ನನ್ನ ಎರಡೂ ಕೈ ಹಿಡದು, ಅಂಗೈ ತುಂಬ ಹೂವು ಬಳ್ಳಿ ಬಿಡಿಸಿಬಿಟ್ಲು. ಒಣಗೋತನಕ ಕೈ ಅಲಗಾಡಿಸಬ್ಯಾಡ ಅಂದ್ಲು. ಬೈಯಬೇಕಂದ್ರೂ ಕೈ ಎತ್ತಿ ಬೈಯೂಹಂಗಿಲ್ಲ. ಕೂತೆ.

ಮರುದಿನ ಸಮಿತಿಯವರ ಜೋಡಿ ವಿಡಿಯೋದಾಗ ಮೀಟಿಂಗು. ಸಮಿತಿ ಅಧ್ಯಕ್ಷರು ಬೆಂಗಳೂರಿನವರು, ಭಾಳ ನಾಜೂಕಿನ ಮನಷ್ಯಾ. ನಾನು ಪರದೆಯ ಮ್ಯಾಲ ನಕ್ಷೆ ತೋರಿಸ್ಲಿಕ್ಕ ಕೈ ಎತ್ತಿದೆ. ಅವರು ನಕ್ಷೆ ನೋಡಲಿಲ್ಲ, ಕೈ ನೋಡಿದ್ರು. "ಓ, ಮದುವೆನಾ ಮೇಡಂ? ಶುಭಾಶಯಗಳು. ಹಾಗಾದ್ರೆ ಈ ಪ್ರಾಜೆಕ್ಟ್ ಮುಂದುವರಿಸ್ತೀರೋ, ಇಲ್ವೋ?" ಅಂದ್ರು. ಗಂಡಸರಿಗಿ ಮದಿವಿ ಆದ್ರ ಯಾರಾದ್ರೂ ಈ ಪ್ರಶ್ನಿ ಕೇಳ್ತಾರೇನ್ರಿ? ನನ್ನ ನೆತ್ತಿ ಸುಟ್ಟಂಗಾತು.

"ಪ್ರಾಜೆಕ್ಟ್ ಮುಂದುವರಿಸ್ತೀನ್ರಿ ಸರ," ಅಂದೆ. "ಮದಿವಿನೇ ಕ್ಯಾನ್ಸಲ್ ಮಾಡೀನಿ."

ಎರಡು: ಒಂದು ಖಾನಿ ಖಾಲಿ ಇತ್ತು

ಮುಂದಿನ ಸುಗ್ಗಿಗಿ ಎಲಿ ನಾನೇ ನಿಂತು ಬಿಡಿಸಿದೆ, ನಾನೇ ಒಣಗಿಸಿದೆ. ಬಣ್ಣ ತೆಗದು, ಸರಪಳಿ ಮಾಡಿ, ಕಾಡಿಗಿಯಂಥಾ ಇಂಗಾಲದ ಪುಡಿ ಜೋಡಿ ಕಲಿಸಿ, ಅಲ್ಯೂಮಿನಿಯಂ ಹಾಳಿ ಮ್ಯಾಲ ತೆಳ್ಳಗ ಸವರಿದೆ. ಆ ಕಪ್ಪು ಹಾಳೀನೇ ಕ್ಯಾಥೋಡು. ಅದರಾಗ ಒಂದು ಹನಿ ತೇವ ಉಳಿಬಾರ್ದು. ಅದಕ್ಕ ನಮ್ಮ ಹತ್ರ ಮ್ಯಾಲ ಕೆಳಗ ಎರಡು ಖಾನಿ ಇರೋ ವ್ಯಾಕ್ಯೂಮ್ ಓವನ್ ಅದ. ಗಾಳಿ ಎಲ್ಲಾ ಹೊರಗ ಎಳದು, ಒಳಗಿಂದು ಸಣ್ಣ ಬಿಸಿಯಾಗ ಒಣಗಿಸ್ತದ. ಕೆಳಗಿನ ಖಾನಿಯಾಗ ಹಾಳಿ ಇಟ್ಟು ಕ್ಲಾಸಿಗಿ ಹೋದೆ.

ಅದು ಮಳಿಗಾಲ. ಮಳಿಗಾಲದಾಗ ನಮ್ಮ ಕಡೆ ಮಂದಿಗಿ ಒಂದೇ ದುಃಖ: ಖಡಕ್ ರೊಟ್ಟಿ ಮೆತ್ತಗಾಗ್ತಾವ. ಜ್ವಾಳದ ರೊಟ್ಟಿ ಕಟಂ ಅಂತ ಮುರೀಲಿಲ್ಲಂದ್ರ ಊಟ ಮಾಡಿದಂಗೇ ಆಗಂಗಿಲ್ಲ. ಇದು ನನಗೂ ಗೊತ್ತದ. ಆದ್ರ ಅದರ ಸಲುವಾಗಿ ನಮ್ಮ ವಿಭಾಗದ ಮುಖ್ಯಸ್ಥರು ಇಂಥಾ ಕೆಲಸಕ್ಕ ಇಳೀತಾರ ಅಂತ ಗೊತ್ತಿರಲಿಲ್ಲ.

ಕ್ಲಾಸು ಮುಗಿಸಿ ಬಂದು ಓವನ್ ಬಾಗಲಾ ತೆಗದೆ. ಲ್ಯಾಬಿನ ತುಂಬ ಜ್ವಾಳದ ವಾಸನಿ ಹೊಡೀತು. ಮ್ಯಾಲಿನ ಖಾನಿಯಾಗ ಒಂದರ ಮ್ಯಾಲ ಒಂದು ಎಳ್ಳು ಹಚ್ಚಿದ ರೊಟ್ಟಿ, ಕೆಳಗಿನ ಖಾನಿಯಾಗ ನನ್ನ ಕಪ್ಪು ಹಾಳಿ, ಹಾಳಿ ಮ್ಯಾಲ ಉದುರಿದ ಎಳ್ಳು. ರೊಟ್ಟಿಯೊಳಗಿನ ತೇವ ಎಲ್ಲಾ ಎಳದು ನನ್ನ ಹಾಳಿಗಿ ಉಣಿಸಿಬಿಟ್ಟದ. ಒಂದು ತಿಂಗಳ ಕೆಲಸ ಹಿಟ್ಟಾತು.

ಮುಖ್ಯಸ್ಥರ ಕೋಣಿಗಿ ಹಾಳಿ ಹಿಡಕೊಂಡೇ ಹೋದೆ. ಅವರು ಹಾಳಿ ನೋಡಿ ಗಾಬರಿಯಾದ್ರು, ರೊಟ್ಟಿಗಿ ಏನಾದ್ರೂ ವಿಷ ಹತ್ತಿರ್ತದೇನು ಅಂತ ಕೇಳಿದ್ರು. ನನ್ನ ಬ್ಯಾಟರಿಗಿ ನಿಮ್ಮ ರೊಟ್ಟಿ ಹತ್ತ್ಯದ ಸರ ಅಂದೆ. "ಒಂದು ಖಾನಿ ಖಾಲಿ ಇತ್ತಲ್ರಿ ಮೇಡಂ. ಕರೆಂಟ್ ಸುಮ್ನ ಹಾಳಾಗ್ತದ ಅಂತ ಇಟ್ಟೆ," ಅಂದ್ರು. ಸರಕಾರದ ಕರೆಂಟಿನ ಮ್ಯಾಲ ಅಷ್ಟು ಕಾಳಜಿ. ನಾನು ಕಿರುಚಾಡೋದು ಕೇಳಿ ಉಳಿದ ಮಾಸ್ತರರೂ ಬಂದ್ರು. ಅವರಾಗ ಒಬ್ಬರು ರೊಟ್ಟಿ ಮುರದು ನೋಡಿದ್ರು, ಕಟಂ ಅಂತು. ಎಲ್ಲಾರ ಕಣ್ಣು ಅರಳಿದ್ವು. ಎಷ್ಟು ಡಿಗ್ರಿ ಇಟ್ಟಿದ್ರಿ ಅಂತ ಅವರು ಅವರಾಗೇ ಮಾತಾಡ್ಲಿಕತ್ರು, ನಾನು ಅಲ್ಲಿ ನಿಂತೀನಿ ಅನ್ನೋದೇ ಮರತ್ರು.

ನಾನು ಪ್ರಿನ್ಸಿಪಾಲರ ತನಕ ಹೋಗ್ತೀನಿ ಅಂತ ಹೆದರಿಸಿದ ಮ್ಯಾಲ ಮುಖ್ಯಸ್ಥರು ಮರುದಿನ ಓವನ್ನಿಗಿ ಒಂದು ನೋಟೀಸು ಅಂಟಿಸಿದ್ರು. ಕೆಳಗ ಅವರದೇ ಸಹಿ: "ಈ ಓವನ್‌ನಲ್ಲಿ ಸಂಶೋಧನೆಯ ವಸ್ತುಗಳ ಹೊರತು ಬೇರೇನನ್ನೂ ಇಡಕೂಡದು. ಊಟದ ಬಿಡುವಿಗೆ ಈ ನಿಯಮ ಅನ್ವಯಿಸುವುದಿಲ್ಲ."

ಮೂರು: ಒಳಗಿನ ಮಷೀನಿಗಿ ಪೂಜಿ

ಲ್ಯಾಬಿನ್ಯಾಗ ಒಂದು ದೊಡ್ಡ ಗಾಜಿನ ಪೆಟಗಿ ಅದ, ಗ್ಲೋವ್ ಬಾಕ್ಸ್ ಅಂತಾರ. ಒಳಗ ಹೊರಗಿನ ಗಾಳಿ ಇಲ್ಲ, ಆರ್ಗಾನ್ ಅನಿಲ ತುಂಬಿರ್ತಾರ. ಗಾಜಿನ ಮುಂದ ಎರಡು ಉದ್ದನ ರಬ್ಬರ್ ಕೈಗವಸು. ಅದರಾಗ ಕೈ ತೂರಿಸಿ ಒಳಗ ಸೆಲ್ಲು ಕಟ್ಟಬೇಕು. ಯಾಕಂದ್ರ ಲಿಥಿಯಂ ಅನ್ನೋದು ಭಾಳ ನಾಜೂಕು, ಜರಾ ತೇವ ಕಂಡ್ರ ಕಪ್ಪಾಗಿ ಕೂತುಬಿಡ್ತದ. ಒಳಗ ಏನಾದ್ರೂ ಇಡಬೇಕಂದ್ರ ಮಗ್ಗುಲಿನ ಸಣ್ಣ ಬಾಗಲದಾಗಿಂದ ಗಾಳಿ ಎಳದು ಇಡಬೇಕು.

ನಮ್ಮ ಲ್ಯಾಬಿನ ಜವಾನ ನನಗಿಂತ ಹಿರಿಯ, ನನಗಿಂತ ಮೊದ್ಲು ಕಾಲೇಜಿಗಿ ಬಂದಾಂವ. ಹಣಿ ತುಂಬ ವಿಭೂತಿ. ಆಯುಧ ಪೂಜಿ ದಿನ ಅಂವ ಎಲ್ಲಾ ಮಷೀನು ತೊಳದು ವರಸಿ, ಹೂವು ಏರಿಸಿ, ಕುಂಬಳಕಾಯಿ ಒಡದು ನನ್ನ ಕರದ. ಗ್ಲೋವ್ ಬಾಕ್ಸಿನ ಗಾಜಿಗಿ ಅಡ್ಡಡ್ಡ ಮೂರು ಪಟ್ಟಿ ವಿಭೂತಿ. ಒಳಗ ಏನೂ ಕಾಣವಲ್ದು. ಇರ್ಲಿ, ವರಸಿದ್ರ ಹೋಗ್ತದ ಅಂತ ಸುಮ್ನಿದ್ದೆ. ವರಸಿ ನೋಡಿದ್ರ ಒಳಗ, ಸೆಲ್ಲಿನ ಇನ್ನೊಂದು ತುದಿಗಿ ಹಾಕೋ ನನ್ನ ಲಿಥಿಯಂ ಬಿಲ್ಲಿಗಳ ಮಗ್ಗುಲಕ್ಕ, ಒಂದು ಹೋಳು ಹಸಿ ತೆಂಗಿನಕಾಯಿ, ಎರಡು ಸೇವಂತಿಗಿ ಹೂವು. ಬಿಲ್ಲಿಗಳೆಲ್ಲಾ ಇದ್ದಲಿನಂಗ ಕಪ್ಪಾಗ್ಯಾವ.

ನನ್ನ ಧ್ವನಿ ಸೇಡಂ ರಸ್ತಾದ ತನಕ ಕೇಳಿರಬೇಕು. ಅಂವ ಕೈ ಕಟ್ಟಿ ನಿಂತು ಹೇಳ್ದ, ಹೊರಗ ಪೂಜಿ ಮಾಡಿದ್ರ ಒಳಗಿನ ಮಷೀನಿಗಿ ಮುಟ್ಟಂಗಿಲ್ಲಲ್ರಿ ಮೇಡಂರಿ, ಅದೇನು ಗಾಳಿನೇ ಹೋಗದ ಪೆಟಗಿ ಅಂತ ನೀವೇ ಹೇಳೀರಿ, ಅದಕ್ಕ ನೀವು ಕಲಿಸಿದಂಗೇ ಮಗ್ಗುಲ ಬಾಗಲದಾಗಿಂದ ಗಾಳಿ ಎಳದು, ಬರೋಬ್ಬರಿ ಒಳಗ ಇಟ್ಟೀನಿ ಅಂತ. ನಾನು ಕಲಿಸಿದ್ದು ಇಷ್ಟು ವರ್ಷದಾಗ ಒಬ್ಬರಿಗಾದ್ರೂ ಬರೋಬ್ಬರಿ ತಲಿಗಿ ಹತ್ತಿತ್ತಂದ್ರ ಅವನಿಗೇ. ಅದಕ್ಕ ಇನ್ನಷ್ಟು ಸಿಟ್ಟು ಬಂತು, ಇನ್ನಷ್ಟು ಬೈದೆ.

ಅಂವ ನನಗ ಮೆತ್ತಗ ಬುದ್ಧಿ ಹೇಳ್ದ: "ಹಬ್ಬದ ದಿನ ಬೈಬ್ಯಾಡ್ರಿ ಮೇಡಂರಿ. ಇವತ್ತು ಏನು ಮಾಡ್ತೀರಿ, ವರ್ಷಿಡೀ ಅದನ್ನೇ ಮಾಡ್ಕೋತ ಇರ್ತೀರಿ."

ಅವನ ಮಾತು ಅಕ್ಷರಶಃ ಖರೆ ಆಗ್ಯದ.

ನಾಲ್ಕು: ಬಿಸಿಲು

ಅಂತೂ ಒಂದು ಸೆಲ್ಲು ಉಳೀತು. ರೊಟ್ಟಿ, ತೆಂಗಿನಕಾಯಿ, ಲಿಂಬಿಹಣ್ಣು ಯಾವುದೂ ತಾಗದ ಒಂದೇ ಒಂದು ಸೆಲ್ಲು. ರೂಪಾಯಿ ನಾಣ್ಯದಷ್ಟು ಅದ. ಅದನ್ನ ಮಷೀನಿಗಿ ಹಚ್ಚಿದೆ. ಪರದೆಯ ಮ್ಯಾಲ ಅದರ ಶಕ್ತಿಯ ಗೆರಿ ನೆಟ್ಟಗ ಹೋಗ್ಲಿಕತ್ತಿತ್ತು, ಇಳೀಲೇ ಇಲ್ಲ. ವಾರ ಹೋದ್ವು, ತಿಂಗಳು ಹೋದ್ವು, ಗೆರಿ ನೆಟ್ಟಗೇ ಅದ. ನಾನು ಮುಂಜಾನಿ ಚಾ ಕುಡಿಯೂಕಿಂತ ಮೊದ್ಲು ಬಂದು ಆ ಗೆರಿ ನೋಡ್ತಿದ್ದೆ. ಮಷೀನಿನ ಮ್ಯಾಲ "ಯಾರೂ ಮುಟ್ಟಬ್ಯಾಡ್ರಿ" ಅಂತ ಕೆಂಪು ಅಕ್ಷರದಾಗ ಬರದು ಹಚ್ಚಿದೆ. ಜವಾನ ತೆಂಗಿನಕಾಯಿ ಪಾಪ ಕಳಕೋಬೇಕಂತ ಬಾಗಲದಾಗೇ ಕುರ್ಚಿ ಹಾಕ್ಕೊಂಡು ಕುಂತ, ಮುಖ್ಯಸ್ಥರನ್ನೂ ಒಳಗ ಬಿಡಲಿಲ್ಲ.

ಅಷ್ಟರಾಗ ಅಧ್ಯಕ್ಷರ ಫೋನು. ನಾವು ಬರ್ತಾ ಇದ್ದೀವಿ ಅಂದ್ರು, ಆಮ್ಯಾಲ ನಿಟ್ಟುಸಿರು ಬಿಟ್ಟು, ಅಲ್ಲ ಮೇಡಂ, ಆ ಬಿಸಿಲಲ್ಲಿ, ಆ ಕರೆಂಟಲ್ಲಿ ಇಂಥ ಸೂಕ್ಷ್ಮ ಕೆಲಸ ಆಗುತ್ತಾ ಅಂತ ಕೇಳಿದ್ರು. ಬ್ಯಾಟರಿ ಬಿಸಿ ತಡೀತದೋ ಇಲ್ಲೋ ನೋಡ್ಲಿಕ್ಕ ನಮ್ಮಲ್ಲಿ ವಿಶೇಷ ಪೆಟ್ಟಿಗೆ ಇದೆ, ನಿಮ್ಮಲ್ಲಿ ಏನು ವ್ಯವಸ್ಥೆ ಅಂದ್ರು. ನನ್ನ ಊರನ್ನ ನಾನು ಬೈತೀನಿ, ದಿನಾ ಬೈತೀನಿ. ಬ್ಯಾರೆಯವರು ಬೈದ್ರ ನನಗ ಸೇರಂಗಿಲ್ಲ.

ನಮ್ಮಲ್ಲಿ ಕಿಟಕಿ ತೆಗೀತೀವ್ರಿ ಅಂತ ಹೇಳಿ ಫೋನ್ ಇಟ್ಟೆ.

ಐದು: ಅಧ್ಯಕ್ಷರು ಬಂದ್ರು

ಸಮಿತಿ ಬರೋ ದಿನ ಮುಂಜಾನಿ ಮೊದಲ ಬಸ್ಸಿಗೇ ಕಮಲಾಪುರದ ಆಯಿ ಬಂದಿದ್ಲು. ಯಾರೂ ಕರದಿರಲಿಲ್ಲ. ತಲಿ ಮ್ಯಾಲ ಕೆಂಪು ಬಾಳಿಹಣ್ಣಿನ ಬುಟ್ಟಿ. ಊರಿಗಿ ದೊಡ್ಡ ಮಂದಿ ಬರ್ತಾರಂದ್ರ ಬರಿಗೈಯಾಗ ಕಳಿಸ್ತೀರೇನು ಅಂದ್ಲು. ತನ್ನ ಬೇಲಿ ಎಲಿ ಪಾಸಾಗ್ತದೋ ಇಲ್ಲೋ ಅದನ್ನೂ ನೋಡಬೇಕಿತ್ತಂತ ಆಕಿಗಿ. ಲ್ಯಾಬಿನ್ಯಾಗ ಎ.ಸಿ. ತಣ್ಣಗ ಹತ್ತಿತು, ಮೂಲಿಯಾಗ ಬುಟ್ಟಿ ಇಟ್ಕೊಂಡು ಕುಂತುಬಿಟ್ಲು. ಜವಾನನ ಜೋಡಿ ಆಕಿನೂ ಕಾವಲಿಗಿ ಇರ್ಲಿ ಅಂತ ನಾನೂ ಸುಮ್ನಾದೆ.

ಅಧ್ಯಕ್ಷರು, ಅವರ ಜೋಡಿ ಇನ್ನೊಬ್ಬರು ಮಾತು ಕಮ್ಮಿ ಇರೋ ಸದಸ್ಯರು ಬಂದ್ರು. ಸೆಲ್ಲು ತೋರಿಸ್ತೀನಿ ಅಂದೆ, ಅದು ಆಗಷ್ಟೇ ಪೂರ್ತಿ ತುಂಬಿತ್ತು. ಅಧ್ಯಕ್ಷರು ಗೆರಿ ಮ್ಯಾಲ ಒಂದು ಸಲ ಕಣ್ಣಾಡಿಸಿ, ಕೊನಿಗಿ ನಿಧಾನಕ್ಕ ನೋಡೋಣ, ಮೊದಲು ನಿಮ್ಮ ಭಾಷಣ ಆಗಲಿ ಅಂದ್ರು. ನಾನು ಸದಸ್ಯರನ್ನ ಕರಕೊಂಡು ಸಭಾಂಗಣಕ್ಕ ನಡದೆ. ಅಧ್ಯಕ್ಷರು ನೀರು ಕುಡದು ಹಿಂದಿಂದ ಬಂದ್ರು. ಭಾಷಣ ಆತು, ಪ್ರಶ್ನಿ ಆದ್ವು, ಊಟ ಆತು. ಮುಖ್ಯಸ್ಥರು ಬಡಿಸಿದ ರೊಟ್ಟಿ ಕಟಂ ಕಟಂ ಮುರದು, ಇಷ್ಟು ಗರಿಗರಿ ಹೇಗೆ ಬರುತ್ತೆ ಅಂತ ಅಧ್ಯಕ್ಷರು ಕೇಳಿದ್ರು. ಮುಖ್ಯಸ್ಥರು ನನ್ನ ಕಡೆ ನೋಡಲಾರದೆ ನಮ್ಮ ಮನಿಯಾಕಿ ಕೈಗುಣ ಅಂದ್ರು. ಆಮ್ಯಾಲ ಶರಣಬಸವೇಶ್ವರ ದೇವಸ್ಥಾನಕ್ಕ ದರ್ಶನಕ್ಕ ಹೋಗಿ, ವಾಪಸ್ ಲ್ಯಾಬಿಗಿ ಬಂದಾಗ ಸಂಜಿ ಆಗಿತ್ತು.

ಕಂಪ್ಯೂಟರಿನ ಪರದೆ ನೋಡಿದೆ. ಗೆರಿ ಮುಂಜಾನೇನೇ ನಿಂತದ. ಮಷೀನಿನ ಒಂದು ದೀಪಾನೂ ಹತ್ತಿಲ್ಲ. ಬೈಯಲಿಕ್ಕೂ ಬಾಯಿ ಬರಲಿಲ್ಲ, ನನ್ನ ಜೀವನದಾಗ ಅದೇ ಮೊದ್ಲು.

ಅಧ್ಯಕ್ಷರು ನನ್ನ ಹತ್ರ ಬಂದು ಸಮಾಧಾನದ ಧ್ವನಿಯಾಗ ಅಂದ್ರು: "ನೋಡಿ ಮೇಡಂ, ನಾನು ಅವತ್ತೇ ಹೇಳಿದ್ದೆ. ಈ ಊರಿನ ಕರೆಂಟ್ ನಂಬೋಕಾಗಲ್ಲ. ನಿಮ್ಮ ತಪ್ಪೇನಿಲ್ಲ, ಬೇಜಾರು ಮಾಡ್ಕೋಬೇಡಿ. ಮಷೀನ್ ನಮ್ಮಲ್ಲಿದ್ರೆ ಹೀಗಾಗ್ತಿರಲಿಲ್ಲ." ಅಷ್ಟಂದು ಪೆನ್ನು ತೆಗದು ವರದಿ ಬರೀಲಿಕ್ಕ ಕುಂತ್ರು.

ಆವಾಗ ಮೂಲಿಯಾಗಿಂದ ಆಯಿ ಮಾತಾಡಿದ್ಲು.

"ಕರೆಂಟ್ ಎಲ್ಲಿ ಹೋಗ್ಯದ ತಮ್ಮಾ? ಮುಂಜಾನಿಂದ ತಣ್ಣಗ ಕುಂತೀನಿ ನಾನು. ನೀನೇ ಅಲ್ಲೇನು ಆ ವಾಯರ್ ಕಿತ್ತು, ನಿನ್ನ ಫೋನ್ ಚುಚ್ಚಿ ಹೋಗಿದ್ದು?"

ಎಲ್ಲಾರೂ ಟೇಬಲ್ಲಿನ ಹಿಂದ ಬಗ್ಗಿ ನೋಡಿದ್ವಿ. ಮಷೀನಿನ ವಾಯರ್ ನೆಲದ ಮ್ಯಾಲ ಬಿದ್ದಿತ್ತು. ಅದರ ಜಾಗದಾಗ ಅಧ್ಯಕ್ಷರ ಚಾರ್ಜರು, ಚಾರ್ಜರಿನ ತುದಿಗಿ ಅವರ ಫೋನು, ಫೋನು ಪೂರಾ ತುಂಬಿ ಹಸರಗ ಹೊಳೀಲಿಕತ್ತದ. ಊಟದ ಹೊತ್ತಿನ್ಯಾಗ ಫೋನ್ ಎಲ್ಲಿಟ್ಟೆ ಅಂತ ಅವರು ಜೇಬು ತಡವಿದ್ದು ಆವಾಗ ನೆನಪಾತು. ನಾನು ಜವಾನನ ಕಡೆ ತಿರುಗಿದೆ. ದಿನವೆಲ್ಲಾ ಬಾಗಲದಾಗ ಕುಂತು ಒಂದು ನೊಣಾನೂ ಒಳಗ ಬಿಟ್ಟಿಲ್ರಿ ಮೇಡಂರಿ ಅಂದ, ಆದ್ರ ಸಾಹೇಬ್ರೇ ವಾಯರ್ ಕಿತ್ತದ್ದು ನೋಡಿ, ಅದೂ ಪರೀಕ್ಷೆದಾಗ ಒಂದು ಭಾಗ ಅಂತ ತಿಳದೆ ಅಂದ. ಆಯಿನೂ ಹಂಗೇ ತಿಳದಿದ್ಲಂತ. ಆಕಿ ಎದ್ದು ಬಂದು ಅಧ್ಯಕ್ಷರ ಕೈಯಾಗ ಒಂದು ಬಾಳಿಹಣ್ಣು ಇಟ್ಟು, ಮಂದೀ ಮನಿಗಿ ಹೋದಾಗ ಕೇಳಿ ಚುಚ್ಚಬೇಕಪ್ಪಾ ಅಂದ್ಲು.

ನಾನು ಚಾರ್ಜರ್ ಕಿತ್ತು ಮಷೀನಿನ ವಾಯರ್ ಹಚ್ಚಿದೆ. ಸಿಟ್ಟು ಹೋಗಿ ಹೆದರಿಕಿ ಬಂದಿತ್ತು. ಪೂರ್ತಿ ತುಂಬಿದ ಸೆಲ್ಲು ದಿನವೆಲ್ಲಾ ಸುಮ್ನ ಬಿದ್ದದ. ಕರಗೋದಿದ್ರ ಆ ಬಣ್ಣ ಕರಗೋದೇ ಇಂಥಾ ಹೊತ್ತಿನ್ಯಾಗ. ಮಷೀನು ಎದ್ದು ಸೆಲ್ಲನ್ನ ಖಾಲಿ ಮಾಡ್ಲಿಕ್ಕ ಸುರು ಮಾಡ್ತು. ಅದು ಖಾಲಿ ಆಗೋತನಕ ಯಾರೂ ಜಾಗಾ ಬಿಟ್ಟು ಕದಲಲಿಲ್ಲ, ಬಾಳಿಹಣ್ಣಿನ ಬುಟ್ಟಿ ಅರ್ಧ ಆತು. ಕೊನಿಗಿ ಪರದೆಯ ಮ್ಯಾಲ ಹೊಸಾ ಚುಕ್ಕಿ ಬಂತು. ಗೆರಿ ಎಲ್ಲಿ ನಿಂತಿತ್ತೋ ಅದರ ಮಗ್ಗುಲಕ್ಕೇ, ಅದೇ ಎತ್ತರಕ್ಕ. ಒಂದು ಕೂದಲೆಳೆಯಷ್ಟೂ ಕುಂದಿಲ್ಲ.

ಮುಂಜಾನಿಂದ ಬಾಯಿ ಬಿಚ್ಚದ ಆ ಸದಸ್ಯರು ಆವಾಗ ಬಿಚ್ಚಿದ್ರು. ತುಂಬಿಸಿಟ್ಟು ಸುಮ್ಮನೆ ಬಿಟ್ಟರೆ ಕರಗುತ್ತಾ ಅನ್ನೋ ಪರೀಕ್ಷೆಯನ್ನೇ ನಾವು ಮುಂದೆ ಕೇಳೋರಿದ್ವಿ, ಅದನ್ನ ಅಧ್ಯಕ್ಷರೇ ಸ್ವಂತ ಕೈಯಿಂದ ಮಾಡಿಕೊಟ್ಟಿದ್ದಾರೆ, ಮಷೀನು ಇಲ್ಲಿಂದ ಕದಲಬೇಕಾಗಿಲ್ಲ ಅಂದ್ರು. ಜವಾನ ಮಷೀನಿಗಿ ಕೈ ಮುಗದ. ನಾನು ಪರದೆ ಕಡೆ ತಿರುಗಿ ನಿಂತೆ, ಯಾಕಂದ್ರ ನನ್ನ ಕಣ್ಣಾಗ ನೀರು ಬಂದಿತ್ತು, ಅದನ್ನ ಈ ಮಂದಿಗಿ ತೋರಿಸೋ ಮನಸ್ಸಿರಲಿಲ್ಲ.

ಉಳಿದದ್ದು ವರದಿ. ಅದರಾಗ ಒಂದು ಸಾಲು, ಪರೀಕ್ಷೆ ನಡುವೆ ನಿಂತಿದ್ದರೆ ಕಾರಣ ಬರೀಬೇಕು. ಅಧ್ಯಕ್ಷರು ಬಾಳಿಹಣ್ಣಿನ ಸಿಪ್ಪಿ ಕೈಯಾಗ ಹಿಡಕೊಂಡು, ನನ್ನ ಕಿವಿಯ ಹತ್ರ ಬಂದು, ಮೇಡಂ, ಅಲ್ಲಿ ವಿದ್ಯುತ್ ವ್ಯತ್ಯಯ ಅಂತ ಹಾಕಿಬಿಡಿ, ಯಾರಿಗೂ ಬೇಜಾರಿಲ್ಲ ಅಂದ್ರು. ನನಗ ಬೇಜಾರ ಆಗ್ತದಲ್ರಿ ಸರ ಅಂದೆ. ಕಲಬುರಗಿ ಕರೆಂಟು ನೂರು ತಪ್ಪು ಮಾಡಿರಬಹುದು, ನಾನೇ ಬಾಯಿ ತುಂಬ ಬೈದೀನಿ; ಆದ್ರ ಅವತ್ತು ಅದು ಮುಂಜಾನಿಂದ ಸಂಜಿತನಕ ಕಣ್ಣು ಮಿಟುಕಿಸಿರಲಿಲ್ಲ. ಮಾಡದ ತಪ್ಪನ್ನ ಅದರ ತಲಿಗಿ ಕಟ್ಟಲಿಕ್ಕ ನಾನು ತಯಾರಿರಲಿಲ್ಲ.

ಪೆನ್ನು ಇಸ್ಕೊಂಡು ನಾನೇ ಬರದೆ. ಅವರು ಓದಿದ್ರು, ಆಯಿ ಮಾರಿ ನೋಡಿದ್ರು, ತುಂಬಿದ ಫೋನ್ ಜೇಬಿನ್ಯಾಗ ಹಾಕ್ಕೊಂಡ್ರು, ಕೆಳಗ ಸಹಿ ಹಾಕಿದ್ರು. ಆ ವರದಿ ಇವತ್ತಿಗೂ ನಮ್ಮ ಲ್ಯಾಬಿನ ಗೋಡಿಗಿ, ಓವನ್ನಿನ ನೋಟೀಸಿನ ಮಗ್ಗುಲಕ್ಕ ಅದ:

"ಪರೀಕ್ಷೆ ನಿಂತ ಕಾರಣ: ಕರೆಂಟ್ ಹೋಗಿರಲಿಲ್ಲ. ಅಧ್ಯಕ್ಷರು ಬಂದಿದ್ದರು."